ಸ್ವಾಧ್ಯಾಯವೂ ತಪಸ್ಸೇ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರನ್ನು ಒಡೆದು, ಅರೆದು, ಸಂಸ್ಕರಿಸಿದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಕರ್ಮ ಕವಿದ ಆತ್ಮಕ್ಕೆ ಜೈನಾಚಾರ್ಯರು ಕೊಟ್ಟ ಉಪಮೆಯೂ ಇದೇ: ಕಲ್ಲಿನೊಳಗಿನ ಕನಕ. ಜ್ಞಾನವು ಆತ್ಮದ ಸ್ವಭಾವ. ಅದನ್ನು ಮುಚ್ಚಿರುವ ಜ್ಞಾನಾವರಣೀಯ ಕರ್ಮ ಸವೆಯಬೇಕು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿ, ಅದಕ್ಕೆ ಐದು ಭೇದಗಳನ್ನು ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದು, ಪ್ರಶ್ನೆ, ಚಿಂತನೆ, ಪುನರಾವರ್ತನೆಗಳಾದ ಮೇಲೆಯೇ ಉಪದೇಶ.

ತಂತ್ರಜ್ಞರನ್ನು ಮುನ್ನಡೆಸುವವರು ಮರೆಯುವುದು ಈ ಕ್ರಮವನ್ನೇ. ಪದವಿ ಏರಿದಂತೆ ಉಪದೇಶ ಬೆಳೆಯುತ್ತದೆ, ಪೃಚ್ಛನೆ ಸೊರಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೇಳುವಾಗ ಜ್ಞಾನಮದವನ್ನೇ ಮೊದಲು ಹೆಸರಿಸಿದ್ದು ಸುಮ್ಮನೆ ಅಲ್ಲ. ಗಣಿಯ ಆಳದಲ್ಲಿ ಬಂಡೆ ಸಡಿಲಗೊಂಡ ಸುಳಿವು ಅಲ್ಲಿ ದುಡಿಯುವ ಕಾರ್ಮಿಕನಿಗೆ ಸಿಕ್ಕಿರಬಹುದು. ಅವನನ್ನು ಕೇಳಲು ಹಿರಿಯ ಇಂಜಿನಿಯರ್ ಸಂಕೋಚಪಟ್ಟರೆ ತಪ್ಪುವುದು ಕಲಿಕೆಯೊಂದೇ ಅಲ್ಲ. ಪ್ರಮಾದದಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆಯೆಂಬುದು ಅದೇ ಸೂತ್ರಗ್ರಂಥದ ನಿರ್ಣಯ.

ಹೊಸ ಯಂತ್ರ, ಹೊಸ ತಂತ್ರಾಂಶಗಳನ್ನು ಕಲಿಯುವುದು ವೃತ್ತಿಗೆ ಅಗತ್ಯ. ತನಗಿಂತ ಕಿರಿಯನ ಮುಂದೆ ‘ಇದು ನನಗೆ ತಿಳಿಯದು, ಹೇಳು’ ಎನ್ನುವುದು ತಪಸ್ಸು. ಅದಿರು ಕರಗಿ ಕನಕ ಹೊಳೆಯುವುದು ಆ ತಾಪದಲ್ಲಿಯೇ.