ಪಿಸ್ಟನ್ ಒಂದು ಕೆಟ್ಟರೆ ಯಂತ್ರವನ್ನೇ ಎಸೆಯಬೇಕೆ?

ಬೇಲೂರಿನ ಬಳಿ ಯಗಚಿ ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವ ನಾಲ್ವರು ಪಾಲುಗಾರರು ಕರಾವಳಿಯಿಂದ ಒಂದು ಹಳೆಯ ದೋಣಿ ಮೋಟಾರನ್ನು ಕೊಂಡು ತಂದಿದ್ದರು. ದೋಣಿಯ ಹಿಂಬದಿಗೆ ತಗುಲಿಹಾಕುವ, ಒಂದೇ ಸಿಲಿಂಡರಿನ ಸಣ್ಣ ಮೋಟಾರು. ಒಂದು ದಿನ ಅದು ನೀರಿನ ನಡುವೆ ಕಿರ್ರೆಂದು ಕಚ್ಚಿಕೊಂಡು ನಿಂತಿತು. ಹುಟ್ಟು ಹಾಕಿ ದಡ ಸೇರಿದ ಮೇಲೆ ಅದನ್ನು ಹೊತ್ತು ಪಟ್ಟಣದ ದೊಡ್ಡ ಅಂಗಡಿಯೊಂದಕ್ಕೆ ಹೋದರು. ಅಂಗಡಿಯವರು ಮುಚ್ಚಳವನ್ನು ಸಹ ಬಿಚ್ಚಿ ನೋಡಲಿಲ್ಲ. "ಈ ಮಾಡಲ್ಲಿಗೆ ಸಾಮಾನು ಬರೋದು ನಿಂತಿದೆ. ಹೊಸದು ತಗೊಳ್ಳಿ," ಎಂದು ಹೇಳಿ ಕಳಿಸಿದರು. ಹೊಸದರ ಬೆಲೆ ಕೇಳಿದ ನಾಲ್ವರೂ ಮಾತಿಲ್ಲದೆ ಹಿಂದಿರುಗಿದರು.

ಕೊನೆಗೆ ಹಳೇಬೀಡಿನ ಮೇಲೆ ಬಸ್ಸಿನಲ್ಲಿ ಆ ಮೋಟಾರು ಅರಸೀಕೆರೆಗೆ ಬಂತು. ಎಣ್ಣೆ ಮಿಲ್ಲುಗಳ ಎಂಜಿನ್ನುಗಳನ್ನೂ ತೆಂಗಿನ ತೋಟದ ಪಂಪುಗಳನ್ನೂ ರಿಪೇರಿ ಮಾಡುವ ವೃದ್ಧ ಮೇಸ್ತ್ರಿಯೊಬ್ಬರ ಮುಂದೆ ಅದು ಬಿಚ್ಚಿಕೊಂಡಿತು. ಆ ಹೊತ್ತಿನಲ್ಲಿ ನಾವೂ ಅಲ್ಲಿದ್ದೆವು. ಅಲ್ಲಿ ಕಂಡದ್ದನ್ನು ನಮ್ಮ ಓದುಗರ ಮುಂದಿಡುವುದು ಅಗತ್ಯವೆಂದು ತೋರಿದೆ. ಇದು ನಾಲ್ಕು ಜನ ಮೀನುಗಾರರ ಪ್ರಶ್ನೆ ಮಾತ್ರವಲ್ಲ, ಯಂತ್ರದ ಜೊತೆ ದುಡಿಯುವ ಎಲ್ಲರ ಪ್ರಶ್ನೆ.

ಪಿಸ್ಟನ್ನಿನ ಮೈ ಉದ್ದಕ್ಕೂ ಗೀರುಬಿದ್ದಿತ್ತು. ರಿಂಗುಗಳು ಮಸಿ ಹಿಡಿದು ಗಾಡಿಯಲ್ಲೇ ಅಂಟಿಹೋಗಿದ್ದವು. "ಹೊಸ ಪಿಸ್ಟನ್ ಹಾಕಿದರೆ ಆಯಿತಲ್ಲ ಮೇಸ್ತ್ರಿ?" ಎಂದು ಪಾಲುಗಾರರಲ್ಲೊಬ್ಬ ಕೇಳಿದ. ಮೇಸ್ತ್ರಿ ತಲೆಯಾಡಿಸಿದರು. "ಹಾಕಬಹುದಪ್ಪ. ಆದರೆ ಇದು ಯಾಕೆ ಸುಟ್ಟಿತು ಅಂತ ಗೊತ್ತಾಗದೆ ಹಾಕಿದರೆ, ಅದೂ ಹದಿನೈದು ದಿನಕ್ಕೆ ಹೀಗೇ ಆಗುತ್ತೆ," ಎಂದರು.

ಅವರು ಮೋಟಾರಿನ ಕೆಳಭಾಗವನ್ನು ಬಿಚ್ಚಿದರು. ಕೆರೆಯ ನೀರನ್ನೇ ಮೇಲಕ್ಕೆತ್ತಿ ಸಿಲಿಂಡರನ್ನು ತಂಪಾಗಿಡಲು ಅಲ್ಲೊಂದು ಪುಟ್ಟ ಪಂಪು ಇರುತ್ತದೆ. ಅದರೊಳಗಿನ ರಬ್ಬರಿನ ಚಕ್ರದ ಎಲೆಗಳು ಮುರಿದು ಹೋಗಿದ್ದವು. ನೀರು ಏರದೆ ಸಿಲಿಂಡರು ಕಾದಿತ್ತು. ಪಿಸ್ಟನ್ ಹಿಗ್ಗಿ ಗೋಡೆಯನ್ನು ಕಚ್ಚಿತ್ತು. ಮೋಟಾರು ನಡೆಯುವಾಗ ಪಕ್ಕದಿಂದ ಚಿಮ್ಮುವ ನೀರಿನ ಎಳೆ ನಿಂತರೆ ಆ ಕ್ಷಣವೇ ಮೋಟಾರನ್ನು ಆರಿಸಬೇಕೆಂಬ ಮಾತನ್ನು ಮಾರಿದವರು ಇವರಿಗೆ ಹೇಳಿರಲಿಲ್ಲ. ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಬೇಕೆಂಬುದೂ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಇಂಥ ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಅದರ ಜೀವ. ಕೆಲವು ರೂಪಾಯಿನ ರಬ್ಬರು ಮತ್ತು ನಾಲ್ಕು ಮಾತಿನ ತಿಳಿವಳಿಕೆ ಇಲ್ಲದ್ದರಿಂದ ಒಂದು ಯಂತ್ರವೂ ನಾಲ್ಕು ಸಂಸಾರಗಳ ದುಡಿಮೆಯೂ ನಿಂತುಹೋದವು.

ದುರಸ್ತಿಯಲ್ಲಿ ಮಾಯಾಮಂತ್ರವೇನೂ ಇರಲಿಲ್ಲ. ಸಿಲಿಂಡರನ್ನು ಅಳೆದು ನೋಡಿ, ಸವೆದು ಅಂಡಾಕಾರವಾದದ್ದನ್ನು ಬೋರ್ ಮಾಡಿಸಿ, ಅದಕ್ಕೆ ಹೊಂದುವ ಅರ್ಧ ಮಿಲಿಮೀಟರು ದಪ್ಪನೆಯ ಪಿಸ್ಟನ್ ತರಿಸಬೇಕು. ತಲೆಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ಕಡೆಗಿರಬೇಕು. ರಿಂಗಿನ ತುದಿಗಳು ಗಾಡಿಯೊಳಗಿನ ಮೊಳೆಯ ಎರಡು ಪಕ್ಕಕ್ಕೆ ಕೂರಬೇಕು. ಪಿನ್ನಿನ ಲಾಕುಗಳನ್ನೂ ಗ್ಯಾಸ್ಕೆಟ್ಟನ್ನೂ ಹಳೆಯವನ್ನೇ ಮತ್ತೆ ಹಾಕಬಾರದು. ರಬ್ಬರಿನ ಚಕ್ರ ಹೊಸದಾಗಬೇಕು. ಮೊದಲ ಕೆಲವು ಗಂಟೆ ಎಣ್ಣೆ ಹೆಚ್ಚು ಬೆರೆಸಿ, ಪೂರ್ತಿ ವೇಗ ಕೊಡದೆ ಓಡಿಸಬೇಕು. ಒಳ್ಳೆಯ ಮೇಸ್ತ್ರಿಗೆ ಇದು ಒಂದು ದಿನದ ಕೆಲಸ. ಆದರೆ ಆ ಪಿಸ್ಟನ್ ಕರಾವಳಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬರ ಬಳಿ ಸಿಕ್ಕಿ ಅರಸೀಕೆರೆ ತಲುಪಲು 20 ದಿನ ಹಿಡಿಯಿತು. ಅಷ್ಟು ದಿನವೂ ಪಾಲುಗಾರರು ಸಾಲದಲ್ಲಿ ಉಂಡರು.

ನಮ್ಮ ಪ್ರಶ್ನೆ ಇದು: ಒಂದು ದಿನದ ಕೆಲಸಕ್ಕೆ 20 ದಿನ ಕಾಯಿಸಿದವರು ಯಾರು? ಮೇಸ್ತ್ರಿಯಲ್ಲ, ಮೀನುಗಾರನಲ್ಲ. ಯಂತ್ರವನ್ನು ಮಾರಿ ಹಣ ಎಣಿಸಿಕೊಂಡು, ಅದರ ಬಿಡಿಭಾಗದ ಹೊಣೆಯನ್ನು ಕೈಬಿಟ್ಟ ವ್ಯವಸ್ಥೆ. ಹಳೆಯದು ಉಳಿದರೆ ಹೊಸದು ಮಾರಾಟವಾಗುವುದಿಲ್ಲ. ಬಂಡವಾಳಗಾರನ ಲೆಕ್ಕಾಚಾರ ಇಷ್ಟು ಸರಳ.

ಇದು ಬರಿಯ ಊಹೆಯ ಮಾತಲ್ಲ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳನ್ನೂ ರಿಪೇರಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದು ತಪ್ಪೆಂದು ಅದು ಹೇಳಿತು. ಕಾರಿನ ಧಣಿಗೆ ದೂರು ಕೊಡಲು ವಕೀಲರಿದ್ದಾರೆ. ಯಗಚಿಯ ಮೀನುಗಾರನಿಗೂ, ತಿರುಪತಿ ಹಿಟ್ಟಿನ ಗಿರಣಿಯಷ್ಟೇ ಆಸ್ತಿಯಾಗಿರುವ ನಮ್ಮ ಸಣ್ಣ ವ್ಯಾಪಾರಿಗೂ ಯಾರಿದ್ದಾರೆ?

2022ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ದುರಸ್ತಿಯ ಹಕ್ಕು' ಎಂಬ ವಿಷಯಕ್ಕೆ ಸಮಿತಿಯೊಂದನ್ನು ನೇಮಿಸಿತು. ಅದು ಮೊದಲು ಕೈಗೆತ್ತಿಕೊಂಡ ನಾಲ್ಕು ವಿಭಾಗಗಳಲ್ಲಿ ಬೇಸಾಯದ ಸಲಕರಣೆಗಳೂ ಸೇರಿದ್ದವು. ಅಂತರ್ಜಾಲದಲ್ಲಿ ಒಂದು ತಾಣವನ್ನೂ ತೆರೆಯಲಾಯಿತು. ಒಳ್ಳೆಯದೇ. ಆದರೆ ತಾಣ ಬೇರೆ, ಕಾಯಿದೆ ಬೇರೆ. ಅಮೆರಿಕವೆಂದರೆ ಬಂಡವಾಳದ ತವರು. ಅಲ್ಲಿಯ ಕೊಲರಾಡೊ ರಾಜ್ಯವೇ 2023ರಲ್ಲಿ ರೈತರ ಯಂತ್ರಗಳ ಬಿಡಿಭಾಗ, ಸಲಕರಣೆ, ಕೈಪಿಡಿಗಳನ್ನು ತಯಾರಕರು ಕೊಡಲೇಬೇಕೆಂದು ಕಾಯಿದೆ ಮಾಡಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಆಗಬಾರದು?

ಕರಾವಳಿಯ ಪಾಡು ಇನ್ನೂ ಕಠಿಣ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ಮೋಟಾರಿನ ನಾಡದೋಣಿಯವರಿಗೆ ಆ ಎರಡು ತಿಂಗಳೇ ಸುಗ್ಗಿ. ಆ 61 ದಿನಗಳಲ್ಲಿ 20 ದಿನ ಪಿಸ್ಟನ್ನಿಗಾಗಿ ಕಾದರೆ ವರ್ಷದ ಗಳಿಕೆಯಲ್ಲಿ ಉಳಿಯುವುದೇನು? ಸೀಮೆಎಣ್ಣೆಯಲ್ಲಿ ಓಡುವ ಮೋಟಾರಿನಲ್ಲಿ ಮಸಿಯೂ ಹೆಚ್ಚು, ರಿಂಗು ಅಂಟುವುದೂ ಹೆಚ್ಚು. ಬಿಡಿಭಾಗದ ಅಗತ್ಯವೂ ಅವರಿಗೇ ಹೆಚ್ಚು.

ಹಳೆಯ ಎರಡು ಸ್ಟ್ರೋಕಿನ ಎಂಜಿನ್ನು ಹೊಗೆ ಕಾರುತ್ತದೆ, ಸುಡದ ಎಣ್ಣೆಯನ್ನು ನೀರಿಗೆ ಬಿಡುತ್ತದೆ, ಇಂಧನವನ್ನೂ ಹೆಚ್ಚು ತಿನ್ನುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ನಿಜ, ನಾವು ಅಲ್ಲಗಳೆಯುವುದಿಲ್ಲ. ಜನ ಕುಡಿಯುವ ನೀರಿನಲ್ಲಿ ಎಣ್ಣೆ ತೇಲುವುದು ಯಾರಿಗೂ ಬೇಡ. ಹಾಗಾದರೆ ಸರ್ಕಾರ ಹಳೆಯದನ್ನು ಹಿಂದಕ್ಕೆ ಪಡೆದು, ಸುಲಭ ಬಡ್ಡಿಯ ಸಾಲಕ್ಕೆ ಹೊಸದನ್ನು ಕೊಡಿಸಲಿ. ಹೊಸದಕ್ಕೆ ಸಾಲವನ್ನೂ ಕೊಡದೆ, ಹಳೆಯದಕ್ಕೆ ಪಿಸ್ಟನ್ನನ್ನೂ ಕೊಡದೆ ಬಡವನನ್ನು ನಡುನೀರಿನಲ್ಲಿ ಬಿಡುವುದಕ್ಕೆ ಪರಿಸರದ ಹೆಸರು ಬೇಡ.

ನಮ್ಮ ನಾಡಿಗೆ ಯಂತ್ರವಿದ್ಯೆ ಹೊಸದಲ್ಲ. ಬೇಲೂರು ಹಳೇಬೀಡುಗಳ ಕಂಬಗಳನ್ನು ತಿರುಗಣಿಗೆ ಹಚ್ಚಿ ಕಡೆದವರು ಈ ನೆಲದಲ್ಲಿ ದುಡಿದವರು. ಬೇಲೂರಿನ ದಾಸೋಜ, ಚಾವಣರು ತಾವು ಕೆತ್ತಿದ ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಕೆತ್ತಿದರು. ಇಂದಿನ ಮೇಸ್ತ್ರಿ ಒಂದು ಯಂತ್ರವನ್ನು ಮುಟ್ಟಿದರೆ "ಹೊರಗಿನವರು ಬಿಚ್ಚಿದ್ದಾರೆ, ಗ್ಯಾರಂಟಿ ಇಲ್ಲ" ಎನ್ನುತ್ತದೆ ಕಂಪನಿ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ನಡೆಯುತ್ತಿಲ್ಲ. ಕೈಯಲ್ಲಿ ಕಸಬು ಇರುವವರ ಬಲದಿಂದ ಹಳೆಯ ಲೇತುಗಳು ಇನ್ನೂ ತಿರುಗುತ್ತವೆ. ಆ ಕಸಬುದಾರನನ್ನು ಹೊರಗಿನವನೆಂದು ಕರೆಯುವ ಅಧಿಕಾರವನ್ನು ಕಂಪನಿಗಳಿಗೆ ಕೊಟ್ಟವರಾರು?

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟವಾಗಿವೆ. ಯಂತ್ರವನ್ನು ಮಾರಿದವರು ಅದರ ಬಿಡಿಭಾಗಗಳನ್ನು ಇಷ್ಟು ವರ್ಷ ಒದಗಿಸಲೇಬೇಕೆಂದು ಕಾಯಿದೆಯಾಗಲಿ. ಬಿಡಿಭಾಗದ ಬೆಲೆಯನ್ನು ಯಂತ್ರ ಮಾರುವಾಗಲೇ ಪ್ರಕಟಿಸಲಿ. ಬಳಕೆಯ ಕೈಪಿಡಿ ಕನ್ನಡದಲ್ಲಿರಲಿ. ಅದು ಇದ್ದಿದ್ದರೆ ಯಗಚಿಯ ಪಿಸ್ಟನ್ ಸುಡುತ್ತಲೇ ಇರಲಿಲ್ಲ. ಮೀನುಗಾರರ ಮತ್ತು ಬೇಸಾಯಗಾರರ ಸಹಕಾರ ಸಂಘಗಳಲ್ಲಿ ಬಿಡಿಭಾಗದ ದಾಸ್ತಾನಿರಲಿ. ಊರಿನ ಅನುಭವಿ ಮೇಸ್ತ್ರಿಗಳಿಂದ ಐಟಿಐ ಹುಡುಗರಿಗೆ ಪಾಠ ಹೇಳಿಸಲಿ.

ಕಾಯಿದೆ ಬರುವವರೆಗೆ ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ಮಿಲ್ಲಿನ ಕಾರ್ಮಿಕರು ಯಂತ್ರ ಕೆಟ್ಟಾಗ ಕೆಟ್ಟ ಭಾಗವನ್ನಷ್ಟೇ ಅಲ್ಲ, ಕೆಟ್ಟ ಕಾರಣವನ್ನೂ ಬರೆದಿಡಲಿ. ತಪ್ಪನ್ನು ತಮ್ಮ ತಲೆಗೆ ಕಟ್ಟಿದಾಗ ಅದೇ ಅವರ ಸಾಕ್ಷಿ. ವ್ಯಾಪಾರಿ ಬಂಧುಗಳು ತಕ್ಕಡಿಯಿಂದ ಗಿರಣಿಯವರೆಗೆ ಏನನ್ನೇ ಕೊಳ್ಳುವಾಗಲೂ ಬೆಲೆಗಿಂತ ಮೊದಲು ಒಂದು ಮಾತು ಕೇಳಲಿ: "ಇದರ ಸಾಮಾನು ಎಲ್ಲಿ ಸಿಗುತ್ತೆ, ಎಷ್ಟು ದಿನದಲ್ಲಿ ಸಿಗುತ್ತೆ?" ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಲಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳದಿರಲಿ.