ಎಲ್‌ಕೆಜಿ ಶಾಲೆಯಲ್ಲೋ, ಅಂಗನವಾಡಿಯಲ್ಲೋ? ಪಾಲಕರಿಗೆ ಬೇಕಾಗಿರೋದು ಒಂದೇ ಉತ್ತರ

ಅತನೂರ: ಮೂರು ವರ್ಷ ತುಂಬಿದ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ಎಲ್‌ಕೆಜಿ, ಯುಕೆಜಿ ಸಿಗಬೇಕಾ? ಆರು ವರ್ಷದವರೆಗೆ ಉಚಿತ ಪೂರ್ವ ಪ್ರಾಥಮಿಕ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ಮಾಡಬಹುದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮು ಹೇಳುತ್ತದೆ. ‘ಮಾಡಬಹುದು’ ಅಂದಿದೆ, ‘ಮಾಡಲೇಬೇಕು’ ಅಂತಿಲ್ಲ. ತೊಡಕು ಇರೋದೇ ಅಲ್ಲಿ.

2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕೆಕೆಆರ್‌ಡಿಬಿ ಅನುದಾನದಿಂದ ಈ ತರಗತಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಜೂನ್‌ನಲ್ಲಿ ಬೆಂಗಳೂರಲ್ಲಿ ಧರಣಿ ಕುಂತರು. ಮಕ್ಕಳು ಶಾಲೆಗೆ ಹೋದರೆ ಕೇಂದ್ರ ಖಾಲಿ ಆಗ್ತದೆ ಅನ್ನೋದು ಅವರ ಅಂಜಿಕೆ. ಜುಲೈನಲ್ಲಿ ಅಂಗನವಾಡಿಗಳಲ್ಲೇ ಎಲ್‌ಕೆಜಿ ಶುರುವಾಯಿತು. ಹೀಗೆ ಒಂದೇ ವಯಸ್ಸಿನ ಮಗುವಿಗೆ ಎರಡು ಇಲಾಖೆ.

ಇಬ್ಬರ ಮಾತಲ್ಲೂ ಹುರುಳಿದೆ. ಅಂಗನವಾಡಿಯಲ್ಲಿ ಊಟ, ತೂಕ, ಚುಚ್ಚುಮದ್ದಿನ ಲೆಕ್ಕ ಇದೆ. ಆದರೆ ಒಬ್ಬ ಕಾರ್ಯಕರ್ತೆಯ ತಲೆ ಮೇಲೆ ಸಮೀಕ್ಷೆ, ದಾಖಲಾತಿ ಕೆಲಸವೂ ಇದೆ. ಶಾಲೆಯಲ್ಲಿ ಮಗು ಅಲ್ಲೇ ಒಂದನೇ ಇಯತ್ತೆಗೆ ಹೋಗ್ತದೆ.

2025-26ರಲ್ಲಿ ಒಂದನೇ ತರಗತಿಗೆ ಆರು ವರ್ಷದ ನಿಯಮ ಒಂದು ಸಲಕ್ಕೆ ಸಡಿಲಾಗಿ 5 ವರ್ಷ 5 ತಿಂಗಳಿಗೆ ಇಳಿಯಿತು. ಷರತ್ತು ಏನು? ಯುಕೆಜಿ ಮುಗಿಸಿರಬೇಕು. ಕಾನ್ವೆಂಟ್ ಫೀ, ವ್ಯಾನ್ ಬಾಡಿಗೆ ಕಟ್ಟಿದವರಿಗೆ ಅನುಕೂಲ. ತೊಗರಿ ಹೊಲಕ್ಕೆ ಕೂಲಿಗೆ ಹೋಗುವ ತಾಯಿಯ ಮಗುವಿಗೆ?

ಸೋಪು, ಬಿಸ್ಕತ್ತಿನ ಮೇಲೆ ತೆರಿಗೆಯನ್ನು ಆಕೆಯೂ ಕಟ್ಟುತ್ತಾಳೆ. ಬೋರ್ಡು ಯಾವ ಇಲಾಖೆಯದಾದರೂ ಇರಲಿ. ಕಲಿಸೋಕೆ ಪ್ರತ್ಯೇಕ ಶಿಕ್ಷಕಿ, ಬಿಸಿ ಊಟ, ಎಲ್ಲ ಕಡೆ ನಡೆಯೋ ಒಂದೇ ಸರ್ಟಿಫಿಕೇಟು ಇವೆಯಾ? ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇದನ್ನೇ.