ಎಚ್ಚರಿಕೆ ಹೇಳಿ ಕೈ ತೊಳೆದುಕೊಳ್ಳುವವರಿಗೆ

ಬ್ಯಾಂಕಿನ ಗೋಡೆ ನೋಡಿದರೆ ಎಚ್ಚರಿಕೆ. ಎಟಿಎಂ ಬಾಗಿಲಲ್ಲಿ ಎಚ್ಚರಿಕೆ. ಠಾಣೆ ಮುಂದಿನ ಬೋರ್ಡಿನಲ್ಲಿ ಎಚ್ಚರಿಕೆ. ಸರಿ ಸ್ವಾಮಿ, ಎಚ್ಚರವಾಗೇ ಇದ್ದೀವಿ. ಆದರೂ 2024ರಲ್ಲಿ ಈ ದೇಶದ ಜನ ಸೈಬರ್ ಮೋಸಕ್ಕೆ ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ ಅಂತ ಕೇಂದ್ರ ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಹೇಳಿದೆ. ಅದರ ಹಿಂದಿನ ವರ್ಷ ಇದು 7,465 ಕೋಟಿ. ಒಂದೇ ವರ್ಷದಲ್ಲಿ ಜನ ಮೂರು ಪಟ್ಟು ದಡ್ಡರಾಗಿಬಿಟ್ಟರಾ? ಇಲ್ಲ. ಕಳ್ಳನ ಕೈಗೆ ಹೊಸ ಉಪಕರಣ ಬಂತು, ನಮ್ಮ ಕೈಗೆ ಹಳೇ ಬೋರ್ಡೇ ಉಳಿಯಿತು.

ಕಳ್ಳ ಮೊದಲು ಹೇಗೆ ಸಿಕ್ಕಿಬೀಳುತ್ತಿದ್ದ ಅನ್ನುವುದು ನಮಗೆ ಚೆನ್ನಾಗಿ ಗೊತ್ತು. ಸೇಲಂ, ಧರ್ಮಪುರಿ ಕಡೆಯ ನಮ್ಮವರಿಗೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷು. ಮೋಸಗಾರ ಫೋನು ಮಾಡಿದರೆ ಹಿಂದಿಯಲ್ಲೇ ಶುರು. ಇಲ್ಲದಿದ್ದರೆ ಕಲ್ಲು ಅಗಿದ ಹಾಗೆ ತಮಿಳು. ಎರಡು ಮಾತಿಗೆ ನಮ್ಮವರು "ತಪ್ಪು ನಂಬರ್" ಅಂದು ಇಟ್ಟುಬಿಡುತ್ತಿದ್ದರು. ಭಾಷೆ ಬಾರದೇ ಇದ್ದದ್ದೇ ನಮಗೆ ಬೇಲಿಯಾಗಿತ್ತು. ಈಗ ಯಂತ್ರ ಅವನಿಗೆ ಒಳ್ಳೆಯ ತಮಿಳನ್ನೂ ಬರೆದುಕೊಡುತ್ತದೆ, ಒಳ್ಳೆಯ ಕನ್ನಡವನ್ನೂ ಬರೆದುಕೊಡುತ್ತದೆ, ಗೊತ್ತಿರುವವರ ದನಿಯಲ್ಲೇ ಮಾತಾಡಿಕೊಡುತ್ತದೆ. ಬೇಲಿ ಹೋಯಿತು.

ಅದೂ ಎಂಥ ಕಡೆ ಹೋಯಿತು ನೋಡಿ. ನಮ್ಮ ಕಡೆ ವ್ಯಾಪಾರ ನಿಂತಿರುವುದೇ ಬಾಯಿಮಾತಿನ ಮೇಲೆ. ಸೇಲಂ ಸೆವ್ವಾಪೇಟೆಯ ಬೆಳ್ಳಿ ಕೊಲುಸು ಒಂದೇ ಮನೆಯಲ್ಲಿ ತಯಾರಾಗುವುದಿಲ್ಲ. ಒಂದು ಮನೆಯಲ್ಲಿ ತಂತಿ ಎಳೆದರೆ ಇನ್ನೊಂದರಲ್ಲಿ ಕೊಂಡಿ, ಮತ್ತೊಂದರಲ್ಲಿ ಬೆಸುಗೆ, ಆಮೇಲೆ ಪಾಲಿಶು. ಬೆಳ್ಳಿ ಮನೆಯಿಂದ ಮನೆಗೆ ಹೋಗುವುದಕ್ಕೆ ಒಂದು ಚೀಟಿ, ಒಂದು ಫೋನು ಸಾಕು. ಪಾಲಕ್ಕೋಡಿನ ಟೊಮೆಟೊ ಮಂಡಿಯಲ್ಲಿ "ಲೋಡು ಕಳ್ಸಣ್ಣ" ಅಂದರೆ ಲಾರಿ ಹೊರಡುತ್ತದೆ, ಯಾರೂ ಕರಾರುಪತ್ರ ಕೇಳುವುದಿಲ್ಲ. ಇನ್ನು ಇಳಂಪಿಳ್ಳೈ ಸೀರೆ ವ್ಯಾಪಾರ. ಅಲ್ಲಿ ದಿನ ಬೆಳಗಾದರೆ ಅಂಗಡಿಯವರೇ ಫೋನಿನ ಮುಂದೆ ನಿಂತು, ಸೆರಗು ಬಿಡಿಸಿ ತೋರಿಸಿ, ರೇಟು ಹೇಳಿ ಯೂಟ್ಯೂಬಿಗೂ ವಾಟ್ಸಾಪಿಗೂ ಹಾಕುತ್ತಾರೆ. ಗಿರಾಕಿ ಬರುವುದೇ ಆ ಮುಖ ನೋಡಿ, ಆ ದನಿ ಕೇಳಿ. ಒಬ್ಬರ ದನಿ ನಕಲು ಮಾಡಲು ಈಗ ಅರ್ಧ ನಿಮಿಷದ ರೆಕಾರ್ಡಿಂಗ್ ಇದ್ದರೂ ಆಗುತ್ತದೆ. ಇವರು ಗಂಟೆಗಟ್ಟಲೆ ಬಿಟ್ಟಿಯಾಗಿ ಇಟ್ಟಿದ್ದಾರೆ. "ನಿಮ್ಮ ದನಿ, ಮುಖ ಇಂಟರ್‌ನೆಟ್ಟಿಗೆ ಹಾಕಬೇಡಿ" ಅಂತ ಉಪದೇಶ ಮಾಡುವ ಬುದ್ಧಿವಂತರು ಒಂದು ದಿನ ಇಳಂಪಿಳ್ಳೈಗೆ ಬಂದು ಮುಖ ತೋರಿಸದೆ ಹತ್ತು ಸೀರೆ ಮಾರಿ ತೋರಿಸಲಿ.

ಸಣ್ಣ ಮಗ್ಗದ ಮಾಲೀಕನೊಬ್ಬ ಸೂರತ್ತಿನಿಂದ ಜರಿ ತರಿಸುತ್ತಾನೆ ಅಂದುಕೊಳ್ಳಿ. ಹತ್ತು ವರ್ಷದ ವ್ಯವಹಾರ. ಒಂದು ದಿನ ಜರಿ ಅಂಗಡಿಯ ಹೆಸರಲ್ಲೇ ಸಂದೇಶ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಬಾಕಿ ಹೊಸ ಖಾತೆಗೆ ಹಾಕಿ. ಬಿಲ್ ನಂಬರು ಸರಿ, ಮೊತ್ತ ಸರಿ, ಬರೆಯುವ ಧಾಟಿಯೂ ಅದೇ. ಅನುಮಾನ ಬಂದು ಸುಮ್ಮನಿದ್ದರೆ ಸೇಠು "ಯಾಕ್ ಭಯ್ಯಾ ಇನ್ನೂ ಹಾಕಿಲ್ಲ" ಅಂತ ತನ್ನದೇ ದನಿಯಲ್ಲಿ ಫೋನು ಮಾಡುತ್ತಾನೆ. ಇವನು ಕಳಿಸುತ್ತಾನೆ. ಇಲ್ಲಿ ಇವನ ಅಜಾಗ್ರತೆ ಎಲ್ಲಿದೆ ಹೇಳಿ? ಹಾಂಗ್‌ಕಾಂಗಿನಲ್ಲಿ 2024ರ ಆರಂಭದಲ್ಲಿ ಅರೂಪ್ ಅನ್ನುವ ದೊಡ್ಡ ಎಂಜಿನಿಯರಿಂಗ್ ಕಂಪನಿಯ ನೌಕರನೊಬ್ಬ ವಿಡಿಯೋ ಮೀಟಿಂಗಿನಲ್ಲಿ ಮೇಲಧಿಕಾರಿಗಳನ್ನು ಕಣ್ಣಾರೆ ನೋಡಿಯೇ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟ. ಆ ಮೀಟಿಂಗಿನಲ್ಲಿ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಯಂತ್ರ ಮಾಡಿದ ಬೊಂಬೆಗಳು. ಅಷ್ಟು ದೊಡ್ಡ ಆಫೀಸಿನವರೇ ಬಿದ್ದ ಗುಂಡಿ ಇದು. ನಾಲ್ಕು ಮಗ್ಗದವನಿಗೆ "ನೋಡಿಕೊಂಡು ನಡಿ" ಅಂದರೆ ಆಯಿತಾ?

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ಕಣ್ಣ ಮುಂದೆಯೇ ಇದೆ. ಯುಪಿಐ ಬಂದಾಗಿನಿಂದ ಒಂದು ಮೋಸ ಇತ್ತು, ನೆನಪಿರಬಹುದು. ಹಣ ಕೊಡುತ್ತೇವೆ ಅಂತ ಹೇಳಿ, ಹಣ ಕೇಳುವ ರಿಕ್ವೆಸ್ಟ್ ಕಳಿಸುವುದು. ಪಿನ್ ಒತ್ತಿದರೆ ನಮ್ಮ ಖಾತೆಯಿಂದಲೇ ಹೋಗುತ್ತಿತ್ತು. "ಹಣ ಪಡೆಯಲು ಪಿನ್ ಬೇಡ" ಅಂತ ವರ್ಷಗಟ್ಟಲೆ ಬೋರ್ಡು ಹಾಕಿದರು, ಜನ ವರ್ಷಗಟ್ಟಲೆ ಕಳೆದುಕೊಂಡರು. ಕೊನೆಗೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ 2025ರ ಅಕ್ಟೋಬರ್ 1ರಿಂದ, ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಹಣ ಕೇಳುವ ದಾರಿಯನ್ನೇ ಮುಚ್ಚಿಸಿತು. ಬಾಗಿಲು ಹಾಕುವ ಚಿಲಕ ಅವರ ಕೈಯಲ್ಲೇ ಇತ್ತು! ಅಲ್ಲಿಯವರೆಗೆ ಹೋದ ಹಣಕ್ಕೆ ಯಾರು ಜವಾಬ್ದಾರಿ ಅಂತ ಮಾತ್ರ ಯಾರೂ ಕೇಳಲಿಲ್ಲ. ಕೇಳುವವರು ನಾವೇ, ನಮಗೋ ಅಂಗಡಿ ಮುಚ್ಚಿ ಹೋಗುವಷ್ಟು ಬಿಡುವಿಲ್ಲ.

ಕಾನೂನು ಏನು ಹೇಳಿತ್ತು? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಮಾತಾಡಿದ್ದು ಗ್ರಾಹಕನ ಒಪ್ಪಿಗೆ ಇಲ್ಲದೆ ಹೋದ ಹಣದ ಬಗ್ಗೆ. ಅವನದೂ ಬ್ಯಾಂಕಿನದೂ ಅಲ್ಲದ ತಪ್ಪಿನಿಂದ ಹೋಗಿದ್ದು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಅವನಿಗೆ ನಷ್ಟವಿಲ್ಲ ಅಂದಿತ್ತು. ಗುಟ್ಟಿನ ಸಂಖ್ಯೆ ತಾನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟವೆಲ್ಲ ಅವನದೇ ಅಂದಿತ್ತು. ನಮ್ಮ ಜರಿಯವನು ಹಣವನ್ನು ತನ್ನ ಕೈಯಾರೆ ಕಳಿಸಿದ್ದಾನಲ್ಲ, ಅವನಿಗೆ ಇದರಲ್ಲಿ ಜಾಗವೇ ಇರಲಿಲ್ಲ. ಕೌಂಟರಿಗೆ ಹೋದರೆ "ನೀವೇ ತಾನೆ ಪಿನ್ ಒತ್ತಿದ್ದು?" ಅನ್ನುತ್ತಾರೆ. ಹೌದು, ಅವನೇ ಒತ್ತಿದ್ದು. ಆದರೆ ಕಳ್ಳನಿಗೆ ಖಾತೆ ತೆರೆದುಕೊಟ್ಟದ್ದು ಯಾರು? ಕೂಲಿಯವನ ಹೆಸರಲ್ಲಿ ತೆರೆದ ಖಾತೆಗೆ ಒಂದೇ ದಿನ ಲಕ್ಷಗಟ್ಟಲೆ ಬಂದು ಹತ್ತು ನಿಮಿಷದಲ್ಲಿ ಖಾಲಿಯಾದಾಗ ಸುಮ್ಮನಿದ್ದದ್ದು ಯಾವ ಬ್ಯಾಂಕು?

ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ದೇಶದೊಳಗೆ ಮೋಸಕ್ಕೆ ಸಿಕ್ಕಿ ತಾನೇ ಹಣ ಕಳಿಸಿದವನಿಗೂ 85,000 ಪೌಂಡಿನವರೆಗೆ ಬ್ಯಾಂಕು ವಾಪಸು ಕೊಡಬೇಕು. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ಇದು ಸಂಬಳದವರಿಗೆ ಮಾತ್ರ ಅಲ್ಲ, ಹತ್ತು ಜನಕ್ಕಿಂತ ಕಡಿಮೆ ಇರುವ ಸಣ್ಣ ಉದ್ಯಮಕ್ಕೂ ಸೇರಿ. ನಾವು ಕೇಳಬೇಕಾದ್ದು ಇದನ್ನು. ತನ್ನ ಗಂಟು ಹೋಗುತ್ತದೆ ಅಂದಾಗ ಬ್ಯಾಂಕು ಹೇಗೆ ಎಚ್ಚರವಾಗುತ್ತದೆ, ನೋಡುವಿರಂತೆ. ಹೊಸ ಖಾತೆಗೆ ಮೊದಲ ಸಲ ದೊಡ್ಡ ಮೊತ್ತ ಹೋಗುವಾಗ ನಾಲ್ಕು ಗಂಟೆ ತಡೆದು ಹಿಡಿಯುವ ಬುದ್ಧಿ ಆಗ ತಾನಾಗೇ ಬರುತ್ತದೆ.

"ಬ್ಯಾಂಕು ಕೊಡುತ್ತೆ ಅಂದ್ರೆ ಜನ ಬೇಕಾಬಿಟ್ಟಿ ಕಳಿಸ್ತಾರೆ" ಅನ್ನುವವರಿದ್ದಾರೆ. ಕೊಲುಸಿನ ಕೂಲಿಯಲ್ಲಿ ಉಳಿಸಿದ ದುಡ್ಡನ್ನು ಯಾರೂ ಬೇಕಾಬಿಟ್ಟಿ ಕಳಿಸುವುದಿಲ್ಲ. ಹಾಗೆ ಮಾತಾಡುವವರು ದುಡಿದವರಲ್ಲ.

ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಮೋಸ ಹೋದವನದು ಒಂದು ಕಷ್ಟವಾದರೆ, ಮೋಸದಲ್ಲಿ ಏನೂ ಪಾಲಿಲ್ಲದ ಅಂಗಡಿಯವನದು ಇನ್ನೊಂದು. ಎಲ್ಲೋ ಕದ್ದ ಹಣದಲ್ಲಿ ಯಾರೋ ಬಂದು ಎರಡು ಸೀರೆ ಕೊಂಡು ಹೋಗುತ್ತಾರೆ. ತಿಂಗಳಾದ ಮೇಲೆ ಬೇರೆ ರಾಜ್ಯದ ಪೊಲೀಸರ ಕಾಗದ ಬಂದು ಇವನ ಖಾತೆ ಪೂರ್ತಿ ಬಂದ್. ನೂಲಿಗೆ ಕಾಸಿಲ್ಲ, ಕೂಲಿಗೆ ಕಾಸಿಲ್ಲ. ಕೇರಳ ಹೈಕೋರ್ಟು 2023ರಲ್ಲಿ, ತಡೆಯುವುದಾದರೆ ಅನುಮಾನದ ಮೊತ್ತವನ್ನಷ್ಟೇ ತಡೆಯಿರಿ ಅಂದಿತು. ನಮ್ಮ ಮದ್ರಾಸ್ ಹೈಕೋರ್ಟೂ 2024ರಲ್ಲಿ, ಎಷ್ಟು ಹಣ, ಎಷ್ಟು ಕಾಲ ಅಂತ ಹೇಳದೆ ಇಡೀ ಖಾತೆ ಮುಚ್ಚುವುದು ತಪ್ಪು ಅಂದಿತು. ಖಾತೆ ಬಂದ್ ಆದವರು ಮ್ಯಾನೇಜರ ಮುಂದೆ ಕೈ ಕಟ್ಟಿ ನಿಲ್ಲಬೇಡಿ. ಈ ಎರಡು ಆದೇಶ ಹೇಳಿ, ಎಷ್ಟು ರೂಪಾಯಿಗೆ ತಡೆ, ಯಾವ ಠಾಣೆಯಿಂದ, ಬರವಣಿಗೆಯಲ್ಲಿ ಕೊಡಿ ಅಂತ ಅರ್ಜಿ ಹಾಕಿ.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ನಾವು ಮಾಡಿಕೊಳ್ಳೋಣ, ಬೇಡ ಅನ್ನುವುದಿಲ್ಲ. ಖಾತೆ ಬದಲಾಯಿತು ಅಂತ ಯಾರ ದನಿಯಲ್ಲಿ ಬಂದರೂ, ನಮ್ಮ ಹಳೇ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ ನಾವೇ ಫೋನು ಮಾಡಿ ಕೇಳುವ ತನಕ ಒಂದು ಪೈಸೆಯೂ ಕಳಿಸಬಾರದು. ನೇಕಾರರ ಸಂಘ, ಮಂಡಿ ಸಂಘ ಇದನ್ನು ಕಟ್ಟಳೆಯಾಗಿ ಬರೆದು ಸೂರತ್ತಿಗೂ ಬೆಂಗಳೂರಿಗೂ ಕಳಿಸಿಬಿಟ್ಟರೆ, ಕೇಳಿದ್ದಕ್ಕೆ ಯಾವ ಸೇಠೂ ಕೋಪ ಮಾಡಿಕೊಳ್ಳುವುದಿಲ್ಲ. ಹಣ ಹೋಗಿದೆ ಅಂತ ಗೊತ್ತಾದ ನಿಮಿಷವೇ 1930ಕ್ಕೆ ಫೋನು ಮಾಡಿ. ನಾಚಿಕೆಯಿಂದ ರಾತ್ರಿಯೆಲ್ಲ ಕೂತರೆ ಅಷ್ಟರಲ್ಲಿ ಹಣ ಐದಾರು ಖಾತೆ ದಾಟಿರುತ್ತದೆ.

ಮತ್ತೆ, ಈ ಸಲ ಓಟು ಕೇಳಲು ಬರುವವರ ಮುಂದೆ ರಸ್ತೆ, ನೀರಿನ ಜತೆ ಇದನ್ನೂ ಇಡಿ: ಬ್ರಿಟನ್ನಿನ ಆ ಅರ್ಧ-ಅರ್ಧದ ಕಾನೂನು ಇಲ್ಲಿಗೆ ಯಾವಾಗ?